ಹಳೆಯ ಮಾತ್ರೆ ನಿಲ್ಲುವ ತಾರೀಖು: ಖಿನ್ನತೆಯ ಔಷಧ ಬದಲಿಸುವಾಗ ಎಡವುವ ಜಾಗಗಳು

ಮನೋವೈದ್ಯಕೀಯ ವಾರ್ಡಿನಲ್ಲಿ ಔಷಧದ ಚಾರ್ಟ್‌ಗಳನ್ನು ಪರಿಶೀಲಿಸುವುದು ನಮ್ಮ ಕೆಲಸ. ‘ಈ ಮಾತ್ರೆ ಹಿಡಿಯುತ್ತಿಲ್ಲ, ಬದಲಿಸಬೇಕು’ ಎಂದಾಗ ಚರ್ಚೆಯೆಲ್ಲ ಹೊಸ ಮಾತ್ರೆ ಯಾವುದು ಎಂಬುದರ ಸುತ್ತ ನಡೆಯುತ್ತದೆ. ಆದರೆ ತೊಂದರೆ ಹೆಚ್ಚಾಗಿ ಬರುವುದು ಹಳೆಯ ಮಾತ್ರೆಯ ಕಡೆಯಿಂದ. ಅದನ್ನು ಎಷ್ಟು ದಿನ ಕೊಟ್ಟಿದ್ದೆವು, ಹೇಗೆ ಇಳಿಸಿದೆವು, ನಿಲ್ಲಿಸಿದ ಮೇಲೂ ಎಷ್ಟು ದಿನ ಅದು ಮೈಯಲ್ಲಿ ಉಳಿಯಿತು ಎಂಬುದನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ವೈದ್ಯರು, ಫಾರ್ಮಸಿಸ್ಟ್‌ಗಳು, ನರ್ಸ್‌ಗಳಿಗಾಗಿ ಇದನ್ನು ಬರೆದಿದ್ದೇವೆ. ಔಷಧ ತೆಗೆದುಕೊಳ್ಳುತ್ತಿರುವವರು ಓದುತ್ತಿದ್ದರೆ ದಯವಿಟ್ಟು ಇಲ್ಲಿನ ಡೋಸ್ ನೋಡಿ ನೀವೇ ಬದಲಾಯಿಸಿಕೊಳ್ಳಬೇಡಿ. ನಿಮ್ಮ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಇಲ್ಲಿ ಸಿಗುತ್ತವೆ.

ಮೊದಲು ಹಳೆಯ ಔಷಧಕ್ಕೆ ಸರಿಯಾದ ಅವಕಾಶ ಸಿಕ್ಕಿತ್ತೇ ಎಂದು ನೋಡಬೇಕು. ಎಸಿಟಲೋಪ್ರಾಮ್ 5 ಮಿ.ಗ್ರಾಂ. ಮೂರು ವಾರ ಕೊಟ್ಟು ‘ಫಲಿಸಲಿಲ್ಲ’ ಎಂದು ಬರೆದರೆ ಅದು ಪ್ರಯತ್ನವೇ ಅಲ್ಲ. ಎಸಿಟಲೋಪ್ರಾಮ್ 10ರಿಂದ 20, ಸರ್ಟ್ರಲಿನ್ 50ರಿಂದ 200, ವೆನ್ಲಾಫ್ಯಾಕ್ಸಿನ್ 75ರಿಂದ 225 ಮಿ.ಗ್ರಾಂ. ಹೀಗೆ ಚಿಕಿತ್ಸೆಯ ಡೋಸ್ ಮುಟ್ಟಿದ ದಿನದಿಂದ ನಾಲ್ಕರಿಂದ ಆರು ವಾರ ಎಣಿಸಬೇಕು. ಹಾಗೆಂದು ಕಣ್ಣುಮುಚ್ಚಿ ಕಾಯಬೇಕಿಲ್ಲ. ತಕ್ಕ ಡೋಸ್‌ನಲ್ಲಿ ನಾಲ್ಕು ವಾರ ಕಳೆದರೂ ಎಳ್ಳಷ್ಟೂ ಬದಲಾವಣೆ ಕಾಣದಿದ್ದರೆ ಅದೇ ಡೋಸ್ ಮುಂದುವರಿಸಿ ಫಲ ಬರುವ ಸಾಧ್ಯತೆ ಕಡಿಮೆ. ಪ್ರತಿ ಭೇಟಿಯಲ್ಲಿ ಪಿಎಚ್‌ಕ್ಯೂ-9 (ಖಿನ್ನತೆಯ ತೀವ್ರತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ) ಅಂಕ ಬರೆದಿಟ್ಟರೆ ‘ಸ್ವಲ್ಪ ಪರವಾಗಿಲ್ಲ’ ಎಂಬ ಮಾತಿಗೆ ಒಂದು ಅಳತೆ ಸಿಗುತ್ತದೆ. ಒಟ್ಟು 27 ಅಂಕ. ಮೊದಲಿನ ಅಂಕ ಅರ್ಧಕ್ಕಿಳಿದರೆ ಔಷಧ ಹಿಡಿದಿದೆ ಎಂದರ್ಥ, 5ಕ್ಕಿಂತ ಕೆಳಗಿಳಿದರೆ ರೋಗಲಕ್ಷಣ ಹೆಚ್ಚುಕಡಿಮೆ ಮಾಯವಾಗಿದೆ ಎಂದರ್ಥ.

ಮಾತ್ರೆ ತಪ್ಪುತ್ತಿದೆಯೇ ಎಂದು ಕೇಳುವ ರೀತಿಯೂ ಮುಖ್ಯ. ‘ಸರಿಯಾಗಿ ತಗೊಳ್ತಿದ್ದೀರಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಹೋದ ವಾರ ಎಷ್ಟು ದಿನ ತಪ್ಪಿತು?’ ಎಂದರೆ ನಿಜ ಹೊರಬರುತ್ತದೆ. ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್ ನೋಡಿ, ಮದ್ಯಪಾನದ ಬಗ್ಗೆ ಕೇಳಿ, ಸ್ಟೆರಾಯ್ಡ್‌ನಂಥ ಬೇರೆ ಔಷಧಗಳಿವೆಯೇ ನೋಡಿ. ಎಲ್ಲಕ್ಕಿಂತ ಮಿಗಿಲಾಗಿ, ನಿದ್ದೆಯಿಲ್ಲದೆಯೂ ದಣಿಯದೆ, ವಿಪರೀತ ಹುರುಪಿನಲ್ಲಿ, ಕೈಮೀರಿ ಖರ್ಚು ಮಾಡುತ್ತ ಕಳೆದ ದಿನಗಳು ಎಂದಾದರೂ ಇದ್ದವೇ ಎಂದು ರೋಗಿಯನ್ನೂ ಮನೆಯವರನ್ನೂ ಕೇಳಲೇಬೇಕು. ಖಿನ್ನತೆಯೂ ಇಂಥ ಅತಿ ಹುರುಪೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಅಡಗಿದ್ದರೆ ಒಂದರ ಮೇಲೊಂದು ಖಿನ್ನತೆಯ ಮಾತ್ರೆ ಹೇರುವುದು ಹಾನಿ ಮಾಡುತ್ತದೆ.

ಬದಲಿಸಬೇಕೋ, ಇನ್ನೊಂದನ್ನು ಸೇರಿಸಬೇಕೋ? ಅಮೆರಿಕದ ಸ್ಟಾರ್-ಡಿ ಅಧ್ಯಯನವನ್ನು ಇಲ್ಲಿ ಎಲ್ಲರೂ ನೆನೆಯುತ್ತಾರೆ. 4,041 ಮಂದಿ ಸೇರಿದ್ದ ಅದರ ಫಲಿತಾಂಶಗಳು 2006ರಲ್ಲಿ ಬಂದವು. ಮೊದಲ ಹಂತದ ಸಿಟಲೋಪ್ರಾಮ್‌ನಿಂದ ಸುಮಾರು ಮೂರರಲ್ಲಿ ಒಂದು ಭಾಗದವರು ಪೂರ್ತಿ ಚೇತರಿಸಿಕೊಂಡರು. ಉಳಿದವರಲ್ಲಿ ಔಷಧ ಬದಲಿಸಿಕೊಂಡವರಿಗೆ ಸರ್ಟ್ರಲಿನ್, ವೆನ್ಲಾಫ್ಯಾಕ್ಸಿನ್, ಬುಪ್ರೊಪಿಯಾನ್ ಮೂರರಲ್ಲಿ ಯಾವುದೇ ಕೊಟ್ಟರೂ ಫಲ ಸರಿಸುಮಾರು ಒಂದೇ, ನಾಲ್ವರಲ್ಲಿ ಒಬ್ಬರಿಗೆ. ಔಷಧ ಸೇರಿಸಿಕೊಂಡವರ ಅಂಕಿ ಇದಕ್ಕಿಂತ ಸ್ವಲ್ಪ ಮೇಲಿದ್ದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಲಾಗದು. ಯಾವ ದಾರಿ ತಮಗೆ ಒಪ್ಪಿಗೆ ಎಂದು ಹೇಳುವ ಅವಕಾಶ ರೋಗಿಗಳಿಗಿತ್ತು. ಮೊದಲ ಔಷಧದಿಂದ ಕೊಂಚವಾದರೂ ಗುಣ ಕಂಡವರು ಅದನ್ನು ಬಿಡಲು ಒಪ್ಪುವುದು ಕಡಿಮೆ. ಹೀಗಾಗಿ ನಾವು ಹಿಡಿಯುವ ದಾರಿ ಸರಳ: ಏನೂ ಗುಣ ಕಾಣದಿದ್ದರೆ ಅಥವಾ ಅಡ್ಡಪರಿಣಾಮ ತಡೆಯಲಾಗದಿದ್ದರೆ ಬದಲಿಸು, ಅರ್ಧ ಗುಣವಾಗಿ ನಿಂತಿದ್ದರೆ ಸೇರಿಸು.

ಬದಲಿಸುವಾಗ ಒಂದು ಎಸ್‌ಎಸ್‌ಆರ್‌ಐ (ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡುವ ಸರ್ಟ್ರಲಿನ್, ಎಸಿಟಲೋಪ್ರಾಮ್, ಫ್ಲುಯೊಕ್ಸೆಟಿನ್‌ನಂಥ ಔಷಧ) ಬಿಟ್ಟು ಇನ್ನೊಂದಕ್ಕೆ ಹೋಗುವುದು ಸುಲಭ. ಇಂದು ಸರ್ಟ್ರಲಿನ್ 50, ನಾಳೆ ಬೆಳಗ್ಗೆ ಎಸಿಟಲೋಪ್ರಾಮ್ 10. ಹೆಚ್ಚಿನವರಿಗೆ ಇದು ಒಗ್ಗುತ್ತದೆ. ಫ್ಲುಯೊಕ್ಸೆಟಿನ್ ಮಾತ್ರ ಬೇರೆ ಜಾತಿ. ಅದರಿಂದ ಹುಟ್ಟುವ ನಾರ್‌ಫ್ಲುಯೊಕ್ಸೆಟಿನ್‌ನ ಅರ್ಧಾಯುಷ್ಯ (ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯ) 4ರಿಂದ 16 ದಿನ, ಅಂದರೆ ನಿಲ್ಲಿಸಿದ ಮೇಲೂ ವಾರಗಟ್ಟಲೆ ರಕ್ತದಲ್ಲಿರುತ್ತದೆ. ಆದ್ದರಿಂದ 20 ಮಿ.ಗ್ರಾಂ. ನಿಲ್ಲಿಸಿ, ನಾಲ್ಕರಿಂದ ಏಳು ದಿನ ಬಿಟ್ಟು, ಹೊಸದನ್ನು ಕಡಿಮೆ ಡೋಸ್‌ನಿಂದ ಶುರುಮಾಡುವುದು ರೂಢಿ.

ಬೇರೆ ಗುಂಪಿನ ಔಷಧಕ್ಕೆ ಹೋಗುವಾಗ ಕ್ರಾಸ್ ಟೇಪರ್ ಮಾಡುತ್ತೇವೆ: ಹಳೆಯದು ಇಳಿಯುತ್ತ ಹೋದಂತೆ ಹೊಸದು ಏರುತ್ತದೆ. ಸರ್ಟ್ರಲಿನ್ 100ರಿಂದ ಮಿರ್ಟಾಜಪಿನ್‌ಗೆ ಹೋಗುವುದಾದರೆ ಮೊದಲ ವಾರ ಸರ್ಟ್ರಲಿನ್ 50, ರಾತ್ರಿ ಮಿರ್ಟಾಜಪಿನ್ 15. ಎರಡನೇ ವಾರ ಸರ್ಟ್ರಲಿನ್ 25, ಮಿರ್ಟಾಜಪಿನ್ 30. ಮೂರನೇ ವಾರ ಸರ್ಟ್ರಲಿನ್ ಇಲ್ಲ. ಈ ಮೂರನೇ ಸಾಲನ್ನೇ ಚೀಟಿಯಲ್ಲಿ ಬರೆಯಲು ಮರೆಯುತ್ತಾರೆ! ನಡುದಾರಿಯಲ್ಲಿ ರೋಗಿಗೆ ಸ್ವಲ್ಪ ಹಾಯೆನಿಸುತ್ತದೆ, ಮುಂದಿನ ಭೇಟಿಯಲ್ಲಿ ‘ಇದನ್ನೇ ಮುಂದುವರಿಸಿ’ ಎಂದು ಬೀಳುತ್ತದೆ, ಯಾರೂ ಯೋಚಿಸಿ ನಿರ್ಧರಿಸದ ಎರಡು ಔಷಧಗಳ ಜೋಡಿ ವರ್ಷಗಟ್ಟಲೆ ನಡೆಯುತ್ತದೆ. ಗುಣ ಯಾವುದರಿಂದ, ತೂಕ ಏರಿದ್ದು ಯಾವುದರಿಂದ ಎಂದು ಆಮೇಲೆ ಬಿಡಿಸಲಾಗದು. ಹಾಗಾಗಿ ‘ಕ್ರಮೇಣ ಕಡಿಮೆ ಮಾಡಿ’ ಎಂಬ ಸೂಚನೆಯನ್ನು ನಾವು ಚಾರ್ಟಿನಲ್ಲಿ ಒಪ್ಪುವುದಿಲ್ಲ. ಪ್ರತಿ ಹಂತಕ್ಕೂ ತಾರೀಖು ಬೇಕು, ಹಳೆಯ ಔಷಧದ ಕೊನೆಯ ದಿನಕ್ಕಂತೂ ಬೇಕೇ ಬೇಕು.

ಕ್ರಾಸ್ ಟೇಪರ್ ಮಾಡಲೇಬಾರದ ಜಾಗ ಎಂಎಒಐ, ಅಂದರೆ ಎಂಎಒ ಎಂಬ ಕಿಣ್ವವನ್ನು ತಡೆಯುವ ಖಿನ್ನತೆಯ ಔಷಧಗಳು. ಫೆನೆಲ್ಜಿನ್, ಟ್ರಾನಿಲ್‌ಸಿಪ್ರೊಮಿನ್ ಶುರುಮಾಡುವ ಮುನ್ನ ಹೆಚ್ಚಿನ ಎಸ್‌ಎಸ್‌ಆರ್‌ಐ ನಿಲ್ಲಿಸಿ 14 ದಿನ, ಫ್ಲುಯೊಕ್ಸೆಟಿನ್ ನಿಲ್ಲಿಸಿ 5 ವಾರ ಕಾಯಬೇಕು. ಎಂಎಒಐ ಬಿಟ್ಟು ಎಸ್‌ಎಸ್‌ಆರ್‌ಐಗೆ ಬರುವಾಗಲೂ 14 ದಿನ. ಸೋಂಕಿಗೆ ಕೊಡುವ ಲಿನೆಜೊಲಿಡ್, ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಮೆಥಿಲಿನ್ ಬ್ಲೂ ಕೂಡ ಎಂಎಒ ಕಿಣ್ವವನ್ನು ತಡೆಯುತ್ತವೆ ಎಂಬುದು ಬೇರೆ ವಾರ್ಡುಗಳಲ್ಲಿ ನೆನಪಿರುವುದಿಲ್ಲ. ನಾರ್ಟ್ರಿಪ್ಟಿಲಿನ್‌ನಂಥ ಟ್ರೈಸೈಕ್ಲಿಕ್ ಗುಂಪಿನ ಹಳೆಯ ಖಿನ್ನತೆಯ ಔಷಧಗಳದ್ದು ಇನ್ನೊಂದು ತೊಡಕು. ಫ್ಲುಯೊಕ್ಸೆಟಿನ್, ಪಾರೊಕ್ಸೆಟಿನ್, ಬುಪ್ರೊಪಿಯಾನ್ ಇವು ಔಷಧಗಳನ್ನು ಒಡೆಯುವ ಯಕೃತ್ತಿನ ಸಿವೈಪಿ2ಡಿ6 ಕಿಣ್ವವನ್ನು ಕಟ್ಟಿಹಾಕುವುದರಿಂದ ಜೊತೆಗೆ ಕೊಟ್ಟ ನಾರ್ಟ್ರಿಪ್ಟಿಲಿನ್ ರಕ್ತದಲ್ಲಿ ಹಲವು ಪಟ್ಟು ಏರಬಹುದು. 10 ಅಥವಾ 25 ಮಿ.ಗ್ರಾಂ.ನಿಂದ ಶುರುಮಾಡಿ, ಇಸಿಜಿ ನೋಡುತ್ತ ಏರಿಸಬೇಕು. ಇದೇ ಕಾರಣಕ್ಕೆ ಸ್ತನ ಕ್ಯಾನ್ಸರ್‌ಗೆ ಟಾಮೊಕ್ಸಿಫೆನ್ ತೆಗೆದುಕೊಳ್ಳುವವರಿಗೆ ಫ್ಲುಯೊಕ್ಸೆಟಿನ್, ಪಾರೊಕ್ಸೆಟಿನ್ ಬೇಡ. ಟಾಮೊಕ್ಸಿಫೆನ್ ಕೆಲಸಕ್ಕೆ ಬರುವ ರೂಪ ತಾಳಬೇಕಾದರೆ ಅದೇ ಕಿಣ್ವ ಬೇಕು.

ಬದಲಾವಣೆಯ ಮೊದಲ ವಾರ ‘ಹೊಸ ಮಾತ್ರೆ ಆಗಿಬರುತ್ತಿಲ್ಲ’ ಎಂದು ರೋಗಿ ಹೇಳಿದರೆ ದಿನಗಳನ್ನು ಎಣಿಸಿ. ಹಳೆಯದನ್ನು ನಿಲ್ಲಿಸಿದ ಎರಡು–ನಾಲ್ಕು ದಿನದೊಳಗೆ ತಲೆಸುತ್ತು, ವಾಕರಿಕೆ, ತಲೆಯಲ್ಲಿ ಕರೆಂಟ್ ಹೊಡೆದಂಥ ಝುಮ್ಮೆನ್ನುವಿಕೆ, ವಿಚಿತ್ರ ಕನಸುಗಳು ಬಂದರೆ ಅದು ಔಷಧ ಬಿಟ್ಟದ್ದರ ಪರಿಣಾಮ. ಬೇಗ ದೇಹ ಬಿಡುವ ಪಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಇದರಲ್ಲಿ ಮುಂದು. ಖಿನ್ನತೆ ಮರುಕಳಿಸುವುದು ಸಾಮಾನ್ಯವಾಗಿ ವಾರಗಳ ಮೇಲೆ, ನಿಧಾನವಾಗಿ. ಕರೆಂಟಿನ ಅನುಭವ ಅದರಲ್ಲಿ ಇರುವುದಿಲ್ಲ. ಔಷಧ ಬಿಟ್ಟದ್ದರ ಪರಿಣಾಮವಾದರೆ ಹಳೆಯ ಔಷಧದ ಡೋಸ್ ಅನ್ನು ಹಿಂದಿನ ಹಂತಕ್ಕೆ ಏರಿಸಿ ಇನ್ನೂ ನಿಧಾನವಾಗಿ ಇಳಿಸಿದರೆ ಹೆಚ್ಚಿನವರಿಗೆ ಹಗುರಾಗುತ್ತದೆ. ಕೊನೆಯ ಹೆಜ್ಜೆಗಳೇ ಕಷ್ಟದವು. ಚಿಕಿತ್ಸೆಯ ಕನಿಷ್ಠ ಡೋಸ್‌ನಲ್ಲೇ ಸೆರೊಟೋನಿನ್ ಸಾಗಣೆದಾರಗಳ (ಸೆರೊಟೋನಿನ್ ಅನ್ನು ನರಕೋಶದೊಳಕ್ಕೆ ಮರಳಿ ಸೆಳೆಯುವ ಪ್ರೋಟೀನ್‌ಗಳ) ಸುಮಾರು ಶೇ. 80 ಭಾಗವನ್ನು ಔಷಧ ಹಿಡಿದಿರುವುದರಿಂದ, 20 ಮಿ.ಗ್ರಾಂ.ನಿಂದ 10ಕ್ಕೆ ಇಳಿದದ್ದು ಗೊತ್ತಾಗದವರಿಗೂ 5ರಿಂದ ಸೊನ್ನೆಗೆ ಇಳಿದದ್ದು ಮೈಗೆ ತಟ್ಟುತ್ತದೆ.

ಸೆರೊಟೋನಿನ್ ವಿಷತ್ವ, ಅಂದರೆ ಔಷಧಗಳಿಂದ ಮೈಯಲ್ಲಿ ಸೆರೊಟೋನಿನ್ ಅತಿಯಾಗುವುದು, ಅಪರೂಪ, ಆದರೆ ತಡಮಾಡುವಂತಿಲ್ಲ. ಹೊಸ ಔಷಧ ಸೇರಿದ ಅಥವಾ ಡೋಸ್ ಏರಿದ 24 ಗಂಟೆಯೊಳಗೆ ಬೆವರು, ನಡುಕ, ಭೇದಿ, ಚಡಪಡಿಕೆ, ಜ್ವರ ಕಂಡರೆ ಪಾದವನ್ನು ಥಟ್ಟನೆ ಮೇಲಕ್ಕೆ ಬಾಗಿಸಿ ಹಿಡಿದು ನೋಡಿ. ಅದು ತಾನಾಗಿಯೇ ಮತ್ತೆ ಮತ್ತೆ ಅದುರಿದರೆ ಎಲ್ಲ ಸೆರೊಟೋನಿನ್ ಔಷಧಗಳನ್ನೂ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಕಳಿಸಬೇಕು. ನೋವಿನ ಟ್ರಮಡಾಲ್, ಕೆಮ್ಮಿನ ಸಿರಪ್‌ನ ಡೆಕ್ಸ್ಟ್ರೊಮೆಥಾರ್ಫನ್ ಎಷ್ಟೋ ಸಲ ಚಾರ್ಟಿನಲ್ಲೇ ಇರುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ಸೇರಿಸುವ ಔಷಧಗಳಲ್ಲಿ ಅರಿಪಿಪ್ರಜೋಲ್‌ಗೆ ಆಧಾರ ಚೆನ್ನಾಗಿದೆ. 2ರಿಂದ 5 ಮಿ.ಗ್ರಾಂ. ಸಾಕು ಶುರುವಿಗೆ. ಕೂತಲ್ಲಿ ಕೂರಲಾಗದ ಚಡಪಡಿಕೆ ಬಂದರೆ ಅದನ್ನು ಆತಂಕವೆಂದು ತಿಳಿದು ಡೋಸ್ ಏರಿಸುವುದು ಪದೇ ಪದೇ ಆಗುವ ತಪ್ಪು, ಕಾಲುಗಳನ್ನು ನೋಡಿ. ಕ್ವೆಟಿಯಪಿನ್‌ಗೆ ತೂಕ, ಸಕ್ಕರೆ, ಕೊಬ್ಬಿನ ಅಂಶ ಮೊದಲೇ ಬರೆದಿಡಿ. ಲಿಥಿಯಂ ಇಂದು ಅನ್ಯಾಯವಾಗಿ ಮೂಲೆಗೆ ಸೇರಿದೆ ಎಂಬುದು ನಮ್ಮ ಅನಿಸಿಕೆ. ಮೂತ್ರಪಿಂಡ, ಥೈರಾಯ್ಡ್, ಕ್ಯಾಲ್ಸಿಯಂ ನೋಡಿ ಶುರುಮಾಡಿ, ಡೋಸ್ ಬದಲಿಸಿದ 5–7 ದಿನದ ಮೇಲೆ, ಕೊನೆಯ ಮಾತ್ರೆಯಾಗಿ 12 ಗಂಟೆಗೆ ರಕ್ತ ತೆಗೆದು, ಲೀಟರಿಗೆ 0.6–0.8 ಮಿಲಿಮೋಲ್ ಮಟ್ಟದಲ್ಲಿಟ್ಟರೆ ಅದು ನಂಬಿಕೆಯ ಔಷಧ. ನೋವಿನ ಐಬುಪ್ರೊಫೆನ್, ಡೈಕ್ಲೊಫೆನಾಕ್, ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್‌ಗಳು ಲಿಥಿಯಂ ಮಟ್ಟ ಏರಿಸುತ್ತವೆ. ಬುಪ್ರೊಪಿಯಾನ್ ಅನ್ನು ಅಪಸ್ಮಾರ, ಬುಲಿಮಿಯಾ ಅಥವಾ ಅನೊರೆಕ್ಸಿಯಾ ಇರುವವರಿಗೆ, ಕುಡಿತವನ್ನು ಥಟ್ಟನೆ ಬಿಡುತ್ತಿರುವವರಿಗೆ ಕೊಡುವಂತಿಲ್ಲ. ವಯಸ್ಸಾದವರ ಮೇಲೆ ನಡೆದು 2023ರಲ್ಲಿ ಬಂದ ಆಪ್ಟಿಮಮ್ ಅಧ್ಯಯನದಲ್ಲಿ ಬುಪ್ರೊಪಿಯಾನ್ ಸೇರಿಸಿದವರು ಹೆಚ್ಚು ಬಾರಿ ಬಿದ್ದಿದ್ದರು. ಎಸ್‌ಎಸ್‌ಆರ್‌ಐ ಜೊತೆ ಮಿರ್ಟಾಜಪಿನ್ ಸೇರಿಸುವುದು ಎಲ್ಲೆಡೆ ನಡೆಯುತ್ತದಾದರೂ, ಪ್ರಾಥಮಿಕ ಚಿಕಿತ್ಸೆಯಲ್ಲಿ ಅದನ್ನು ಪರೀಕ್ಷಿಸಿದ 2018ರ ಬ್ರಿಟನ್ನಿನ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ವಯಸ್ಸಾದವರಲ್ಲಿ, ಅದರಲ್ಲೂ ಥಯಾಜೈಡ್ ತೆಗೆದುಕೊಳ್ಳುವವರಲ್ಲಿ, ಹೊಸ ಎಸ್‌ಎಸ್‌ಆರ್‌ಐ ಶುರುವಾದ ಎರಡು–ನಾಲ್ಕು ವಾರದೊಳಗೆ ಸೋಡಿಯಂ ನೋಡಿ. ಮಂಕು, ಗೊಂದಲ ಕಂಡರೆ ಅಂದೇ ನೋಡಿ. 25ಕ್ಕಿಂತ ಚಿಕ್ಕವರನ್ನು, ಸಾಯುವ ಯೋಚನೆ ಹೇಳಿಕೊಂಡವರನ್ನು ಬದಲಾವಣೆಯ ಒಂದು ವಾರದೊಳಗೆ ಮತ್ತೆ ಕಂಡು, ಆ ಯೋಚನೆಯ ಬಗ್ಗೆ ನೇರವಾಗಿ ಕೇಳಬೇಕು. ಮಾತ್ರೆಯನ್ನು ಒಂದು ವಾರಕ್ಕೆ ಆಗುವಷ್ಟೇ ಕೊಡಬೇಕು. ಮನೆಯಲ್ಲಿ ಉಳಿದ ಹಳೆಯ ಸ್ಟ್ರಿಪ್‌ಗಳನ್ನು ಆ ಭೇಟಿಗೆ ತರಲು ಹೇಳಿ. ನಿಲ್ಲಿಸಿದ ಮಾತ್ರೆಯನ್ನು ಹೊಸದರ ಜೊತೆ ಇನ್ನೂ ನುಂಗುತ್ತಿದ್ದಾರೆಯೇ ಎಂಬುದು ಆ ಸ್ಟ್ರಿಪ್ ಎಣಿಸಿದಾಗಲೇ ಗೊತ್ತಾಗುತ್ತದೆ.