ಮೇ ತಿಂಗಳಲ್ಲಿ ಕಳೆದುಹೋದ ಕುದುರೆಗಳು

ನನ್ನ ಹತ್ತಿರ 2002ರ ಹೋಂಡಾ ಸಿಟಿ ಇದೆ. 1.5 ಲೀಟರಿನ ವಿಟೆಕ್ ಎಂಜಿನ್, 106 ಹಾರ್ಸ್‌ಪವರ್. ಮನೆಯವರ ಲೆಕ್ಕದಲ್ಲಿ ಅದು ಗುಜರಿಗೆ ಹೋಗಬೇಕಾದ ಗಾಡಿ. ನನ್ನ ಲೆಕ್ಕದಲ್ಲಿ ನಾಲ್ಕು ಬಾಗಿಲಿನ ಸ್ಪೋರ್ಟ್ಸ್ ಕಾರು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಗಿರ್ಬೊ ಏನೂ ಇಲ್ಲ. ಹೊರಗಿನ ಗಾಳಿ ಎಷ್ಟು ಒಳಗೆ ಬರುತ್ತೋ ಅಷ್ಟರಲ್ಲೇ ಸಂಸಾರ.

ಹೋದ ವರ್ಷ ಮೇ ತಿಂಗಳಲ್ಲಿ ಇದಕ್ಕೆ ಇನ್ನೊಂದು ಹತ್ತು ಕುದುರೆ ಕಟ್ಟಬೇಕು ಅನ್ನೋ ಹುಚ್ಚು ಹತ್ತಿತು. ತಲೆ ಕೆಡಿಸಿದ್ದು ಹೋಂಡಾದವರದೇ ಎಸ್2000. 1999ರಲ್ಲಿ ಬಂದ ಕಾರು. ಅದಕ್ಕೂ ಟರ್ಬೊ ಇಲ್ಲ. 2 ಲೀಟರಿನ ಎಂಜಿನ್, ಜಪಾನಿನಲ್ಲಿ ಮಾರಿದ್ದಕ್ಕೆ 250 ಹಾರ್ಸ್‌ಪವರ್. ಅಂದರೆ ಲೀಟರಿಗೆ 125. ನನ್ನದು ಲೀಟರಿಗೆ 70ರ ಆಸುಪಾಸು. ಒಂದೇ ಮನೆತನದ ಮಕ್ಕಳು, ಇಷ್ಟು ಫರಕು ಯಾಕೆ?

ಗಾಳಿ ಇನ್ನಷ್ಟು ಸಲೀಸಾಗಿ ಒಳಗೆ ಬರಲಿ ಅಂತ ಕಂಪನಿಯ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಮೂಲೆಗಿಟ್ಟೆ. ಅದರ ಜಾಗದಲ್ಲಿ, ಡಬ್ಬಿಯಿಲ್ಲದೆ ಬಾನೆಟ್ ಒಳಗೇ ತೆರೆದು ಕೂರುವ ಕೋನ್ ಫಿಲ್ಟರ್ ಕೂರಿಸಿದೆ. ಕೆಂಪಗೆ, ಚೆಂದಾಗಿತ್ತು. ಎಕ್ಸಲರೇಟರ್ ಒತ್ತಿದರೆ ಬಾನೆಟ್ ಒಳಗಿಂದ ಹುಲಿ ಗುರುಗುಟ್ಟಿದ ಸದ್ದು. ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಹುಡುಗರು ತಿರುಗಿ ನೋಡಿದರು. ಹತ್ತು ಕುದುರೆ ಬಂದೇಬಿಟ್ಟವು ಅಂದುಕೊಂಡೆ.

ನಾಲ್ಕು ದಿನ ಕಳೆದ ಮೇಲೆ ಸಣ್ಣ ಅನುಮಾನ. ಸದ್ದು ಜಾಸ್ತಿ ಆಗಿದೆ ನಿಜ. ಆದರೆ ಮೇಲ್ಸೇತುವೆ ಹತ್ತುವಾಗ ಯಾಕೋ ಗಾಡಿ ಏದುಸಿರು ಬಿಡುತ್ತಿದೆ ಅಲ್ವಾ? ಕೌಲ್ ಬಜಾರಿನ ಚಾಚಾ ಹತ್ತಿರ ಒಯ್ದೆ. ಅಪ್ಪನ ಕಾಲದಿಂದಲೂ ನಮ್ಮ ಗಾಡಿ ನೋಡುವವರು ಅವರೇ.

"ಏನ್ ತಮ್ಮಾ, ಗಾಡಿಗೆ ನೆಗಡಿ ಆಗೈತೇನು?" ಅಂದರು. ಬಾನೆಟ್ ಎತ್ತಿ ನೋಡಿ, "ಇದು ಹಾಕೋಕ ಮೊದ್ಲು ಎಷ್ಟು ಓಡ್ತಿತ್ತು, ಅಳದಿದ್ದೇನು?" ಅಂತ ಕೇಳಿದರು.

ಅಳೆದಿರಲಿಲ್ಲ. ಕಿವಿಯಿಂದ ಅಳೆದಿದ್ದೆ ಅಷ್ಟೆ.

ಚಾಚಾ ಪಕ್ಕದ ಅಕ್ವೇರಿಯಂ ಅಂಗಡಿಯಿಂದ ಮೀನಿನ ತೊಟ್ಟಿಗೆ ಹಾಕುವ ಥರ್ಮಾಮೀಟರ್ ತರಿಸಿದರು. ಉದ್ದನೆ ವೈರಿನ ತುದಿಗೆ ಸಣ್ಣ ಸೆನ್ಸರ್. ಅದನ್ನು ಕೋನ್ ಫಿಲ್ಟರ್ ಪಕ್ಕ ಟೇಪ್ ಹಚ್ಚಿ ಅಂಟಿಸಿ, ಡಿಸ್ಪ್ಲೇಯನ್ನು ನನ್ನ ಕೈಗೆ ಕೊಟ್ಟು, "ಕೋಟೆ ತನಕ ಹೋಗಿ ಬಾ" ಅಂದರು. ಹೊರಗೆ 43 ಡಿಗ್ರಿ ಇತ್ತು. ಸಿಗ್ನಲ್‌ನಲ್ಲಿ ನಿಂತಾಗ ನೋಡಿದರೆ ಬಾನೆಟ್ ಒಳಗೆ 71.

"ನೀನು ಮೂಗು ತಗದು ಒಲಿ ಮುಂದ ಇಟ್ಟೀ. ಅದು ಹ್ಯಾಂಗ ಉಸಿರಾಡಬೇಕು?"

ಮನೆಗೆ ಬಂದು ಲೆಕ್ಕ ಹಾಕಿದೆ. ಬಿಸಿ ಆದಷ್ಟೂ ಗಾಳಿ ತೆಳುವಾಗುತ್ತದೆ. 43ರಿಂದ 71ಕ್ಕೆ ಹೋದರೆ ಅದೇ ಜಾಗದಲ್ಲಿ ನೂರಕ್ಕೆ ಎಂಟು ಪಾಲು ಗಾಳಿ ಕಡಿಮೆ. ಗಾಳಿ ಕಡಿಮೆಯಾದರೆ ಸುಡುವ ಪೆಟ್ರೋಲೂ ಕಡಿಮೆ. ಎಂಟು ಕುದುರೆ ಹೋದವು ಅಂತಲೇ ಲೆಕ್ಕ. ಓಡುವಾಗ ಒಳಗೆ ಗಾಳಿ ಆಡಿ ಸ್ವಲ್ಪ ತಣ್ಣಗಾಗುತ್ತದೆ, ಆದರೂ ನಷ್ಟ ನಷ್ಟವೇ. ಅದರ ಮೇಲೆ ನಮ್ಮ ಬಳ್ಳಾರಿಯ ಬಿಸಿಲು ಬೇರೆ. ಕಂಪನಿಯವರು ಹೇಳುವ ಹಾರ್ಸ್‌ಪವರ್ 25 ಡಿಗ್ರಿಯ ಲೆಕ್ಕದ್ದು. ಮೇ ತಿಂಗಳ ಮಧ್ಯಾಹ್ನ ಅಷ್ಟು ತಂಪು ನಮಗೆ ಕನಸು. ನಾನು ಸ್ಪ್ಯಾನರ್ ಹಿಡಿಯುವ ಮೊದಲೇ ಕೆಲವು ಕುದುರೆ ಬಿಸಿಲಿಗೆ ಬಲಿಯಾಗಿದ್ದವು.

ಮರುದಿನ ಕೋನ್ ಬಿಚ್ಚಿದಾಗ ಇನ್ನೊಂದು ಕಂಡಿತು. ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಚಾಚಾ ತೋರುಬೆರಳು ಹಾಕಿ ಸವರಿದರು. ಬೆರಳು ಹೊರಗೆ ಬಂದಾಗ ತುದಿಯಲ್ಲಿ ಕುಂಕುಮ ಮುಟ್ಟಿದ ಹಾಗೆ ಕೆಂಪು. ಆ ವಾರ ಎರಡು ಸಲ ಸಂಡೂರಿಗೆ ಹೋಗಿದ್ದೆ. ಅದಿರು ಲಾರಿಗಳ ಹಿಂದೆ. ಆ ಧೂಳು ಫಿಲ್ಟರ್ ದಾಟಿ ಸಿಲಿಂಡರಿನ ಕಡೆ ಹೊರಟಿತ್ತು. ಕಬ್ಬಿಣದ ಪುಡಿ ಪಿಸ್ಟನ್ ರಿಂಗಿಗೆ ಏನು ಮಾಡುತ್ತದೆ ಅಂತ ಚಾಚಾ ಹೇಳಲಿಲ್ಲ. ಬೆರಳನ್ನು ನನ್ನ ಮುಖದ ಮುಂದೆ ಹಿಡಿದು ಸುಮ್ನೆ ನಿಂತರು.

ಹಳೆ ಡಬ್ಬಿ ವಾಪಸ್ ಬಂತು. ಬಾನೆಟ್ಟಿನ ಬಿಸಿ ಬಿಟ್ಟು ಹೊರಗಿನ ಗಾಳಿ ಎಳೆಯುವ ಪೈಪು ಅದಕ್ಕೆ ಮೊದಲೇ ಇತ್ತು. ಕಂಪನಿಯವರು ದಡ್ಡರಲ್ಲ. ಹೊಸ ಪೇಪರ್ ಫಿಲ್ಟರ್, ಹೊಸ ಪ್ಲಗ್. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಥ್ರಾಟಲ್ ಬಾಡಿ, ತೊಳೆದಾಗ ಕಾಡಿಗೆಯಂಥ ಮಸಿ ಇಳಿಯಿತು. ಆಮೇಲೆ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವುಗಳ ಸಂದು ಸರಿಮಾಡುವುದು.

ಇಲ್ಲಿ ಒಂದು ತಮಾಷೆ. ಈ ಎಂಜಿನ್ನಿನ ಟ್ಯಾಪೆಟ್ ಸೆಟ್ ಮಾಡುವಾಗ ಹೆಡ್ಡು, ಅಂದರೆ ಎಂಜಿನ್ನಿನ ಮೇಲ್ಭಾಗ, 38 ಡಿಗ್ರಿಗಿಂತ ತಣ್ಣಗಿರಬೇಕು ಅನ್ನೋದು ಹೋಂಡಾದವರ ನಿಯಮ. ಬಳ್ಳಾರಿಯ ಮೇ ತಿಂಗಳಲ್ಲಿ ನೆರಳಲ್ಲಿ ನಿಲ್ಲಿಸಿದ ಗಾಡಿಯೂ ಮಧ್ಯಾಹ್ನ ಅಷ್ಟು ತಣ್ಣಗಿರುವುದಿಲ್ಲ. ರಾತ್ರಿ ಗಾಡಿ ಅಲ್ಲೇ ಬಿಟ್ಟು ಬೆಳಿಗ್ಗೆ 6ಕ್ಕೆ ಹೋದೆ. ಚಾಚಾ ಕನ್ನಡಕ ಏರಿಸಿ, ಸಂದು ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿಯನ್ನು ಒಂದೊಂದೇ ವಾಲ್ವಿಗೆ ತೂರಿಸಿ ಎಳೆದು ನೋಡಿದರು. ಹದಿನಾರು ವಾಲ್ವು. ಗಾಳಿ ಒಳಗೆ ಬಿಡುವ ಇನ್‌ಟೇಕಿಗೆ 0.2 ಮಿಲಿಮೀಟರ್, ಹೊಗೆ ಹೊರಗೆ ಬಿಡುವ ಎಕ್ಸಾಸ್ಟಿಗೆ ಅದಕ್ಕಿಂತ ಒಂದು ಕೂದಲಷ್ಟು ಜಾಸ್ತಿ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗಿರಬೇಕಂತೆ. ಐದು ವಾಲ್ವು ಬಿಗಿಯಾಗಿದ್ದವು.

ಚಹಾ ಕುಡಿಯುತ್ತಾ ಎಸ್2000 ಪುರಾಣ ತೆಗೆದೆ. ಚಾಚಾ ಪೂರ್ತಿ ಕೇಳಿದರು. "ಅದು ಎಷ್ಟು ಆರ್‌ಪಿಎಂ ತಿರುಗ್ತೈತಿ?" 9000 ಅಂದೆ. "ನಿಂದು 7000 ದಾಟಿದ್ರ ಚೀರ್ತೈತಿ. ಗಾಳಿ ಅಷ್ಟ ಇರ್ತೈತಿ ತಮ್ಮಾ, ನಿಮಿಷಕ್ಕ ಎಷ್ಟು ಸಲ ನುಂಗ್ತೈತಿ ಅನ್ನೋದ ಹಾರ್ಸ್‌ಪವರ್." ಅಷ್ಟು ವೇಗಕ್ಕೆ ವಾಲ್ವು ತೆರೆಯುವ ಕ್ಯಾಮ್, ಸ್ಪ್ರಿಂಗು, ಪಿಸ್ಟನ್ನು ಎಲ್ಲವೂ ಅದಕ್ಕೆಂದೇ ಹುಟ್ಟಿರಬೇಕು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಒತ್ತುವುದು, ಏರಿಸೋಣವೇ ಅಂದರೆ, ಈ ಬಿಸಿಲಿನಲ್ಲಿ ಸಾದಾ ಪೆಟ್ರೋಲಿಗೆ ಎಂಜಿನ್ ಕಟಕಟ ಬಡಿದುಕೊಳ್ಳುತ್ತದೆ. ನನ್ನ ಸಂಬಳವೂ ಅಡ್ಡ ಬರುತ್ತದೆ, ಅದು ಬೇರೆ ಮಾತು.

ಈ ಸಲ ಅಳೆದೆ. ಸ್ಪೀಡೋಮೀಟರ್ ಕಾಣುವ ಹಾಗೆ ಮೊಬೈಲ್ ಕಟ್ಟಿ ವಿಡಿಯೊ ಮಾಡಿದೆ. ಬೆಳಿಗ್ಗೆ ಸಿರುಗುಪ್ಪ ರಸ್ತೆ, ಮೂರನೇ ಗೇರು, 40ರಿಂದ 80. ಗೆಳೆಯ ಪಕ್ಕದಲ್ಲಿ. ಹೋಲಿಸಿ ನೋಡಲು ಮೊದಲು ಕೋನ್ ಹಾಕಿಯೇ ಓಡಿಸಿದೆ: 7.4 ಸೆಕೆಂಡು. ರಸ್ತೆ ಬದಿಯಲ್ಲೇ ಡಬ್ಬಿ ಕೂರಿಸಿ ಮತ್ತೆ ಓಡಿಸಿದೆ: 6.9. ಆಮೇಲೆ ಡಿಕ್ಕಿಯಲ್ಲಿದ್ದ ಸ್ಪೀಕರ್ ಡಬ್ಬಿ, ಹಳೆ ಬ್ಯಾಟರಿ, ಯಾವತ್ತೋ ಮರೆತ ಅರ್ಧ ಚೀಲ ಅಕ್ಕಿ ಎಲ್ಲವನ್ನೂ ಗೆಳೆಯನ ತೋಟದ ಮನೆಯಲ್ಲಿ ಇಳಿಸಿದೆವು. 6.7.

ಗೆಳೆಯ ಮಿರ್ಚಿ ತಿನ್ನಲು ಇಳಿದ. ಅವನು 90 ಕೆಜಿ. ನಾನು ಸುಮ್ನೆ ಒಂದು ಸುತ್ತು ಹೋಗಿ ಬರುತ್ತೇನೆ ಅಂತ ಹೊರಟೆ. 6.2 ಬಂತು. ಅವನಿಗೆ ಇನ್ನೂ ಹೇಳಿಲ್ಲ.