ಇಳ್ತದ ಹೊತ್ತಿಗೆ ಕಂಡ ಏಣಿ

ಬೆಳಗಿನ ಐದು ಗಂಟೆ ಇನ್ನೂ ಆಗಿರಲಿಲ್ಲ. ಫೋನ್ ಬಂತು. ಬೋಟು ನಡೆಸುವ ತಂಡೇಲರು. "ಅಣ್ಣ, ಹುಡುಗ ನೀರಿಗೆ ಬಿದ್ದ. ಸಂಘದ ಕೋಣೆ ಕೀಲಿಕೈ ನಿಮ್ಮತ್ರ ಇತ್ತಾ?"

ಕೀಲಿಕೈ ನಮ್ಮ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ನೀರಿಗೆ ಬಿದ್ದವರಿಗೆ ಎಸೆಯುವ ಲೈಫ್ ರಿಂಗ್ ಆ ಕೋಣೆಯ ಒಳಗಿತ್ತು. ಮನೆಯಿಂದ ಬೋಟು ಕಟ್ಟುವ ಜೆಟ್ಟಿಗೆ ಬೈಕಿನಲ್ಲಿ ಹತ್ತು ನಿಮಿಷ. ಅಷ್ಟು ದೂರ ಹೇಗೆ ಹೋದೆ ಅಂತ ನನಗೆ ಈಗಲೂ ನೆನಪಿಲ್ಲ.

ಹೋದ ವರ್ಷ ನೂಲ ಹುಣ್ಣಿಮೆಯ ಮಾರನೇ ದಿನ ಆದದ್ದು ಇದು. ಹಿಂದಿನ ದಿನ ಎಲ್ಲರೂ ಸೇರಿ ಕಡಲಿಗೆ ಹಾಲು, ತೆಂಗಿನಕಾಯಿ ಒಪ್ಪಿಸಿ, ಈ ವರ್ಷ ಯಾರಿಗೂ ಏನೂ ಆಗದಿರಲಿ ಅಂತ ಕೈಮುಗಿದು ಬಂದಿದ್ದೆವು.

ಉಡುಪಿ ಜಿಲ್ಲೆಯ ಒಂದು ಸಣ್ಣ ಬಂದರು ನಮ್ಮದು. ಮಲ್ಪೆಯಂಥ ದೊಡ್ಡದಲ್ಲ. ನದಿ ಕಡಲು ಸೇರುವ ಅಳಿವೆಯ ಒಳಗೆ ಒಂದು ಜೆಟ್ಟಿ, ಹರಾಜಿನ ಶೆಡ್ಡು, ಮಂಜುಗಡ್ಡೆ ಪುಡಿ ಮಾಡುವ ಮಿಷನ್, ಒಂದು ಡೀಸೆಲ್ ಬಂಕ್. ಜೆಟ್ಟಿ ಸರ್ಕಾರದ್ದು. ದೊಡ್ಡ ರಿಪೇರಿ ಅವರದ್ದೇ. ಆದರೆ ದೀಪ, ಏಣಿ, ಬೋಟು ತಾಗದ ಹಾಗೆ ಕಟ್ಟುವ ಟಯರು, ಹಗ್ಗ, ತೊಳೆಯುವುದು, ಇಂಥದ್ದನ್ನೆಲ್ಲ ಮೀನುಗಾರರ ಸಂಘದಿಂದ ನಾವೇ ಮಾಡಿಕೊಳ್ಳುತ್ತೇವೆ. ಆ ಉಸ್ತುವಾರಿ ನನ್ನ ಕೈಯಲ್ಲಿದೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಹೋಗುವ ಹಾಗಿಲ್ಲ. ಬಂದರಿನ ಕೆಲಸ ಮಾಡಲು ಅದೇ ಸರಿಯಾದ ಸಮಯ ಅಂತ ಹೊರಗಿನವರಿಗೆ ಅನ್ನಿಸಬಹುದು. ಜೆಟ್ಟಿ ಖಾಲಿ ಅಲ್ವಾ? ಆದರೆ ಕರಾವಳಿಯಲ್ಲಿ ಮಳೆ ಜೋರಾಗಿ ಸುರಿಯುವುದೂ ಆ ಎರಡು ತಿಂಗಳಲ್ಲೇ. ಬಣ್ಣ ಹಚ್ಚಿದರೆ ಒಣಗುವುದಿಲ್ಲ. ವೆಲ್ಡಿಂಗ್ ಮಾಡಲು ಆಗುವುದಿಲ್ಲ. ಹಾಗಾಗಿ ಎಲ್ಲ ಕೆಲಸ ಜುಲೈ ಕೊನೆಗೆ ಬಂದು ಬೀಳುತ್ತದೆ. ಆಗ ಬೋಟಿನವರು ಬಲೆ ಹತ್ತಿಸುತ್ತಿರುತ್ತಾರೆ, ಇಂಜಿನ್ ಶುರು ಮಾಡಿ ನೋಡುತ್ತಿರುತ್ತಾರೆ. ಎಲ್ಲರಿಗೂ ಅವಸರ.

ಆಸಾಡಿ ಅಮಾವಾಸ್ಯೆಯ ಮಾರನೇ ದಿನ ಮಳೆ ಸ್ವಲ್ಪ ಬಿಟ್ಟಿತ್ತು. ಹನ್ನೊಂದು ಗಂಟೆ ಹೊತ್ತಿಗೆ ಪುಸ್ತಕ ಹಿಡಿದುಕೊಂಡು ಜೆಟ್ಟಿಯ ಈ ತುದಿಯಿಂದ ಆ ತುದಿಗೆ ನಡೆದೆ. ಬೋಟಿನ ಹಗ್ಗ ಸುತ್ತುವ ಕಬ್ಬಿಣದ ಗೂಟಗಳನ್ನು ಅಲ್ಲಾಡಿಸಿ ನೋಡಿದೆ. ದೀಪ ಎಣಿಸಿದೆ. ನಾಲ್ಕು ಏಣಿಗಳನ್ನೂ ಬಗ್ಗಿ ನೋಡಿದೆ. ನೀರಿನ ಮೇಲೆ ಕಾಣುತ್ತಿದ್ದ ಮೆಟ್ಟಿಲುಗಳು ಗಟ್ಟಿಯಾಗಿದ್ದವು. ಅವಕ್ಕೆ ಹಳದಿ ಬಣ್ಣ ಹಚ್ಚಿಸಿದೆ. ಪುಸ್ತಕದಲ್ಲಿ "ಏಣಿ ನಾಲ್ಕು, ಸರಿ ಇದೆ" ಅಂತ ಬರೆದು ಸಹಿ ಹಾಕಿದೆ.

ಕಡಲಿನ ದಂಡೆಯಲ್ಲೇ ಹುಟ್ಟಿ ಬೆಳೆದವನು ನಾನು. ಅಮಾವಾಸ್ಯೆ, ಹುಣ್ಣಿಮೆ ಬಂದರೆ ನಮ್ಮಲ್ಲಿ ಹಗಲು ಹನ್ನೊಂದರ ಆಸುಪಾಸಿಗೆ ತುಂಬು ಭರ್ತ, ಅಂದರೆ ನೀರು ಪೂರ್ತಿ ಏರಿದ ಹೊತ್ತು. ಬೆಳಗಿನ ಜಾವ ಐದಕ್ಕೆ ಇಳ್ತ, ನೀರು ಇಳಿದ ಹೊತ್ತು. ಎರಡರ ನಡುವೆ ನೀರು ಒಂದೂವರೆ ಮೀಟರ್‌ನಷ್ಟು ಏರಿಳಿಯುತ್ತದೆ. ಇದು ಗೊತ್ತಿದ್ದೂ ನೀರು ತುಂಬಿದ ಹೊತ್ತಿನಲ್ಲೇ ಏಣಿ ನೋಡಿ ಬಂದಿದ್ದೆ. ಬೋಟಿಗೆ ಮಂಜುಗಡ್ಡೆ ಹಾಕುವುದು, ಜನ ಹತ್ತಿ ಇಳಿಯುವುದು ಜಾಸ್ತಿ ನಡೆಯುವುದು ಬೆಳಗಿನ ಜಾವ. ಆಗ ನೀರು ಕೆಳಗಿರುತ್ತದೆ ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ.

ಅವತ್ತು ನಡೆದದ್ದನ್ನು ಆಮೇಲೆ ಎಲ್ಲರೂ ಸೇರಿ ಹೇಳಿದರು. ಹುಡುಗ ಒಡಿಶಾ ಕಡೆಯವನು. ವಯಸ್ಸು ಇಪ್ಪತ್ತೆರಡೋ ಮೂರೋ. ಪುಡಿ ಮಂಜುಗಡ್ಡೆಯ ಕ್ರೇಟನ್ನು ಕೆಳಗೆ ಬೋಟಿನವರ ಕೈಗೆ ಕೊಡುತ್ತಿದ್ದ. ನೀರು ಇಳಿದಿದ್ದರಿಂದ ಬೋಟು ಜೆಟ್ಟಿಗಿಂತ ತುಂಬಾ ಕೆಳಗಿತ್ತು. ಅಂಚಿನಲ್ಲಿ ಮಳೆಗಾಲದ ಪಾಚಿ. ಕಾಲು ಜಾರಿತು. ಬೋಟಿಗೂ ಜೆಟ್ಟಿಗೂ ನಡುವಿನ ಸಂದಿಗೆ ಬಿದ್ದ.

ಆ ಸಂದಿಗೆ ಬೀಳುವುದು ನಡುಗಡಲಿನಲ್ಲಿ ಬೀಳುವುದಕ್ಕಿಂತ ಕಷ್ಟ. ಅಲೆ ಸಣ್ಣದಿದ್ದರೂ ಬೋಟು ಹೋಗಿ ಬಂದು ಜೆಟ್ಟಿಗೆ ಗುದ್ದುತ್ತದೆ. ಮಧ್ಯದಲ್ಲಿ ಸಿಕ್ಕಿದವರ ಮೂಳೆ ಉಳಿಯುವುದಿಲ್ಲ. ನಾಲ್ಕು ಜನ ಜೆಟ್ಟಿಯ ಮೇಲೆ ಕುಳಿತು ಕಾಲಿನಿಂದ ಬೋಟನ್ನು ಒತ್ತಿ ಹಿಡಿದರಂತೆ. ಹುಡುಗನಿಗೆ ಈಜು ಬರುತ್ತಿತ್ತು. ಏಣಿಯ ಹತ್ತಿರ ಹೋದ. ಮೇಲೆ ಹೊಸ ಹಳದಿ ಮೆಟ್ಟಿಲು ದೀಪದ ಬೆಳಕಿಗೆ ಚೆನ್ನಾಗಿ ಕಾಣುತ್ತಿತ್ತಂತೆ. ಎಷ್ಟು ಹಾರಿದರೂ ಅದು ಕೈಗೆ ಸಿಗಲಿಲ್ಲ. ಕೆಳಗೆ ಸಿಕ್ಕಿದ್ದು ತುಕ್ಕು ತಿಂದು ಮುರಿದ ಎರಡು ತುಂಡು ಕಂಬಿ. ಅದನ್ನು ಹಿಡಿದು ಅಂಗೈ ಕೊಯ್ದುಕೊಂಡ.

ಮೇಲಿನವರು ಬಾಗಿಲಿಗೆ ಬೀಗ ಕಂಡು ನನಗೆ ಫೋನ್ ಮಾಡಿದ್ದು ಆಗಲೇ. ಒಬ್ಬ ಖಾಲಿ ಡೀಸೆಲ್ ಕ್ಯಾನಿನ ಮುಚ್ಚಳ ಬಿಗಿದು, ಹಗ್ಗ ಕಟ್ಟಿ ಎಸೆದ. ಹುಡುಗ ಅದನ್ನು ತಬ್ಬಿಕೊಂಡು ತೇಲಿದ. ಅಷ್ಟರಲ್ಲಿ ಬೀಸುಬಲೆಯ ಅಜ್ಜ ತನ್ನ ಪಾತಿ ದೋಣಿ ತಂದು, ಅವನನ್ನು ಹಿಂದಿನಿಂದ ಎಳೆದುಕೊಂಡ. ನಾನು ಕೀಲಿಕೈ ಹಿಡಿದು ಓಡಿ ಬಂದಾಗ ಹುಡುಗ ಶೆಡ್ಡಿನ ನೆಲದ ಮೇಲೆ ಗೋಣಿ ಹೊದ್ದು ನಡುಗುತ್ತಾ ಕುಳಿತಿದ್ದ.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಭುಜಕ್ಕೆ ಪೆಟ್ಟಾಗಿತ್ತು, ಅಂಗೈಗೆ ಹೊಲಿಗೆ ಬಿತ್ತು. ಹೊಲಿಗೆ ಹಾಕುವಾಗ ಅವನು ನನ್ನನ್ನು ಹಿಂದಿಯಲ್ಲಿ ಕೇಳಿದ್ದು ಒಂದೇ ಮಾತು: ಕೆಲಸದಿಂದ ತೆಗೆಯುತ್ತಾರಾ ಅಂತ. ಇಲ್ಲ ಅಂದೆ. ತಪ್ಪು ನನ್ನದು ಅಂತ ಹೇಳಬೇಕಿತ್ತು. ಅವನಿಗೆ ಅರ್ಥವಾಗುವ ಹಾಗೆ ಹೇಳಲು ನನಗೆ ಅವತ್ತು ಬಾಯಿ ಬರಲಿಲ್ಲ.

ಸಂಜೆ ಐದೂವರೆಗೆ ಮತ್ತೆ ಇಳ್ತ. ಅಜ್ಜನ ದೋಣಿಯಲ್ಲಿ ಕುಳಿತು ಜೆಟ್ಟಿಯ ಅಡಿಗೆ ಹೋದೆ. ಇಷ್ಟು ವರ್ಷ ಉಸ್ತುವಾರಿ ಮಾಡಿದವನು ಮೊದಲ ಸಲ ಜೆಟ್ಟಿಯನ್ನು ಕೆಳಗಿನಿಂದ ನೋಡಿದ್ದು.

ನಾಲ್ಕು ಏಣಿಗಳಲ್ಲಿ ಮೂರಕ್ಕೆ ಕೆಳಗಿನ ಮೆಟ್ಟಿಲೇ ಇರಲಿಲ್ಲ. ಎಲ್ಲವೂ ಸುಮಾರು ಒಂದೇ ಮಟ್ಟದಲ್ಲಿ ತುಂಡಾಗಿದ್ದವು. ಭರ್ತಕ್ಕೆ ಮುಳುಗಿ, ಇಳ್ತಕ್ಕೆ ಹೊರಗೆ ಬರುವ ಪಟ್ಟಿ ಅದು. ಉಪ್ಪು ನೀರು, ಗಾಳಿ ಎರಡೂ ದಿನಕ್ಕೆ ಎರಡೆರಡು ಸಲ ತಾಗುವ ಆ ಜಾಗದಲ್ಲಿ ಕಬ್ಬಿಣ ಬೇಗ ಸಾಯುತ್ತದೆ. ಜೆಟ್ಟಿಯ ಕಂಬಗಳಲ್ಲೂ ಅದೇ ಕಥೆ. ಕಾಂಕ್ರೀಟಿನೊಳಗೆ ಉಪ್ಪು ಇಳಿದು ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ. ಉಬ್ಬಿ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಹರಾಜು ಶೆಡ್ಡಿನ ಪಕ್ಕದ ಮೂಲೆಯಲ್ಲಿ ಸ್ಲ್ಯಾಬಿನ ಅಡಿ ಕಳಚಿ ಬಿದ್ದು, ಸರಳುಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು. ಅದರ ಮೇಲೆಯೇ ದಿನಾ ಮಂಜುಗಡ್ಡೆ ಲಾರಿ ನಿಲ್ಲುತ್ತಿತ್ತು. ಮೇಲಿನಿಂದ ನೋಡಿದರೆ ಒಂದು ಬಿರುಕೂ ಇಲ್ಲ.

"ಅಜ್ಜ, ಈ ಮೆಟ್ಟಿಲು ಯಾವಾಗ ಹೋದದ್ದು?" ಅಂತ ಕೇಳಿದೆ.

"ಅದ್ ಹೋಯಿ ಎರಡ್ ವರ್ಷ ಆಯ್ತಲ್ದಾ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

ಅಜ್ಜ ಹುಟ್ಟು ನಿಲ್ಲಿಸಿದ. "ನನ್ನತ್ರ ಯಾರ್ ಕೇಂಡ್ರ್? ನೀನ್ ಮೇಲಿಂದ ಕಾಂಬುದ್, ನಾನ್ ಕೆಳ್ಗಿಂದ ಕಾಂಬುದ್."

ಕೋಪದಲ್ಲಿ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ. ಸಂಘದ ಸಭೆಗೆ ಬೋಟಿನ ಮಾಲೀಕರು ಬರುತ್ತಾರೆ. ಬೀಸುಬಲೆಯವರು, ಮಂಜುಗಡ್ಡೆ ಹೊರುವವರು, ಮೀನು ಬುಟ್ಟಿ ಹೊತ್ತು ನಡೆಯುವ ಅಕ್ಕಂದಿರು ಬರುವುದಿಲ್ಲ. ಜೆಟ್ಟಿಯ ಒಂದೊಂದು ಕಲ್ಲೂ ಕಾಲಿಗೆ ಗೊತ್ತಿರುವುದು ಅವರಿಗೆ.

ನಮ್ಮ ಸಭೆಗಳಲ್ಲಿ ಮಾತು ಯಾವಾಗಲೂ ಅಳಿವೆಯ ಹೂಳಿನ ಮೇಲೆ. ಅದು ಸುಳ್ಳು ಸಮಸ್ಯೆ ಅಂತ ನಾನು ಖಂಡಿತ ಹೇಳುವುದಿಲ್ಲ. ಅಳಿವೆ ಬಾಯಲ್ಲಿ ಮರಳು ದಿಬ್ಬ ಕೂತರೆ ಅಲೆ ಅಲ್ಲೇ ಒಡೆಯುತ್ತದೆ, ಒಳಗೆ ಬರುವ ದೋಣಿ ಮಗುಚುತ್ತದೆ. ಆದರೆ ಹೂಳೆತ್ತುವುದು ದೊಡ್ಡ ದುಡ್ಡಿನ ಕೆಲಸ, ಮನವಿ ಕೊಟ್ಟು ಕಾಯಬೇಕು. ಏಣಿಗೆ ಯಾರನ್ನೂ ಕಾಯಬೇಕಿಲ್ಲ. 2023ರ ದೀಪಾವಳಿ ಸಮಯದಲ್ಲಿ ಗಂಗೊಳ್ಳಿಯಲ್ಲಿ ದಡಕ್ಕೆ ಎಳೆದಿಟ್ಟ ಬೋಟುಗಳಿಗೆ ಬೆಂಕಿ ಬಿದ್ದು, ಒಂದರಿಂದ ಒಂದಕ್ಕೆ ಹಬ್ಬಿ ಸುಟ್ಟುಹೋದವು. ಆಗ ನಾವೂ ಹೆದರಿ ಬೆಂಕಿ ಆರಿಸುವ ಸಿಲಿಂಡರ್ ತಂದೆವು. ಅದೂ ಅದೇ ಬೀಗ ಹಾಕಿದ ಕೋಣೆ ಸೇರಿತ್ತು.

ಬೀಗದ ವಿಷಯಕ್ಕೆ ಸಂಘದಲ್ಲಿ ಜೋರು ಮಾತಾಯಿತು. "ಹೊರಗೆ ಇಟ್ಟರೆ ಕದ್ದುಕೊಂಡು ಹೋಗ್ತಾರೆ ಮಾರಾಯ್ರೆ" ಅಂದರು. ಕದ್ದರೆ ಇನ್ನೊಂದು ತರೋಣ, ಹುಡುಗನನ್ನು ಎಲ್ಲಿಂದ ತರುವುದು ಅಂದೆ. ಈಗ ಒಂದೊಂದು ಏಣಿಯ ಪಕ್ಕದ ಕಂಬಕ್ಕೂ ಒಂದೊಂದು ಲೈಫ್ ರಿಂಗ್, ನೀರಿನಲ್ಲಿ ತೇಲುವ ಹಗ್ಗದ ಜೊತೆ ನೇತುಹಾಕಿದ್ದೇವೆ. ಸಿಲಿಂಡರ್ ಕೂಡ ಹೊರಗೆ ಬಂತು. ಒಂದು ರಿಂಗ್ ಕಳೆದದ್ದು ನಿಜ. ಅದೇ ವಾರ ಬೇರೆ ತಂದೆವು.

ಹೊಸ ಏಣಿ ಬರಲು ಒಂದೂವರೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಟಯರುಗಳನ್ನು ಒಂದರ ಕೆಳಗೆ ಒಂದು ದಪ್ಪ ಹಗ್ಗದಲ್ಲಿ ಬಿಗಿದು ಇಳಿಬಿಟ್ಟೆವು. ಹೊಸದನ್ನು ಮಾಡಿಸುವಾಗ ವೆಲ್ಡಿಂಗ್‌ನವರಿಗೆ ಒಂದೇ ಮಾತು ಹೇಳಿದ್ದೆ: ನೀರು ತೀರಾ ಇಳಿದಾಗಲೂ ಕೊನೆಯ ಮೆಟ್ಟಿಲುಗಳು ನೀರಿನೊಳಗೇ ಇರಬೇಕು. ಬಿದ್ದವನು ಮೊದಲು ಕಾಲು ಊರಬೇಕು, ಆಮೇಲೆ ಕೈ. ಜೆಟ್ಟಿಯ ಅಂಚನ್ನು ಈಗ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜುತ್ತೇವೆ. ಮಳೆಗಾಲದಲ್ಲಿ ಅದೂ ಸಾಲುವುದಿಲ್ಲ.

ಹುಡುಗ ಭುಜ ವಾಸಿಯಾಗಿ ಮತ್ತೆ ಅದೇ ಬೋಟಿಗೆ ಬಂದ. ಹೊಸ ಏಣಿ ಕೂರಿಸಿದ ದಿನ ಅವನನ್ನೇ ಕರೆದು ಇಳಿದು ನೋಡು ಅಂದೆ. ಏಕ್, ದೋ ಅಂತ ಎಣಿಸುತ್ತಾ ಇಳಿದ. ಹತ್ತಕ್ಕೆ ಕಾಲು ನೀರಿಗೆ ತಾಗಿತು. ಇನ್ನೂ ಮೂರು ಎಣಿಸಿದ. ತಪ್ಪು ನನ್ನದು ಅಂತ ಅವತ್ತು ಅವನಿಗೆ ಹೇಳಿದೆ.

ಸ್ಲ್ಯಾಬಿನ ರಿಪೇರಿ ಇನ್ನೂ ಆಗಿಲ್ಲ. ಫೋಟೋ ತೆಗೆದು ಸಂಬಂಧಪಟ್ಟವರಿಗೆ ಕೊಟ್ಟಿದ್ದೇವೆ, ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಆ ಮೂಲೆಗೆ ಡ್ರಮ್ಮು ಅಡ್ಡ ಇಟ್ಟು ಹಗ್ಗ ಕಟ್ಟಿದ್ದೇವೆ. ಲಾರಿ ಹಿಂದೆಯೇ ನಿಲ್ಲುತ್ತದೆ. ಕ್ರೇಟು ಹೊರುವವರಿಗೆ ಅಷ್ಟು ದೂರ ಜಾಸ್ತಿ ನಡಿಗೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಹಗ್ಗ ಮಾತ್ರ ಬಿಚ್ಚಲು ಬಿಡುವುದಿಲ್ಲ.

ನನ್ನ ಪುಸ್ತಕದಲ್ಲಿ ಈಗ ತಾರೀಕಿನ ಪಕ್ಕ ಇಳ್ತದ ಸಮಯ ಬರೆಯುತ್ತೇನೆ. ಅಮಾವಾಸ್ಯೆಗೊಮ್ಮೆ ಅಜ್ಜನ ದೋಣಿಯಲ್ಲಿ ಅಡಿಗೆ ಹೋಗಿ ಬರುತ್ತೇನೆ. ಮೊನ್ನೆ ದಡಕ್ಕೆ ಇಳಿಸುವಾಗ ಅಜ್ಜ ಕೇಳಿದ, "ಬಪ್ಪು ಅಮಾಸಿಗೂ ಬತ್ಯಾ?"

ಬರುತ್ತೇನೆ ಅಂದೆ. ದೊಡ್ಡ ಟಾರ್ಚ್ ತಾ ಅಂದ, ಒಳಗಿನ ಸಾಲಿನ ಕಂಬ ಇನ್ನೂ ನೋಡಿಲ್ಲವಲ್ಲ.