ಹಳಿ ಕಾಣದ ಆ ಒಂದು ಕ್ಷಣ

ಇವತ್ತು ಮಗಳು ರೋಲರ್ ಕೋಸ್ಟರ್ ಹತ್ತೋಕೆ ಬೇಕಾದ 42 ಇಂಚು ಎತ್ತರದ ಗೆರೆ ದಾಟಿದಳು. ಹಿಮ್ಮಡಿ ಎತ್ತಿರಲಿಲ್ಲ, ನಾನೇ ಬಗ್ಗಿ ನೋಡಿದೆ.

ಅಮೆರಿಕದ ಅನಹೈಮ್‌ನ ಡಿಸ್ನಿ ಪಾರ್ಕ್. ಗೂಫೀಸ್ ಸ್ಕೈ ಸ್ಕೂಲ್ ಅನ್ನೋ ಪುಟ್ಟ ರೋಲರ್ ಕೋಸ್ಟರ್. ಜರ್ಮನಿಯ ಮ್ಯಾಕ್ ಕಂಪನಿಯ ವೈಲ್ಡ್ ಮೌಸ್ ಮಾದರಿ. 2001ರಿಂದ ಇದೆ, ಈ ಹೆಸರು ಬಂದದ್ದು 2011ರಲ್ಲಿ. ಇಲಿ ಥರಾನೇ ಸಣ್ಣ ಬಂಡಿ, ನಾಲ್ಕೇ ಜನ. ತಲೆಕೆಳಗಾಗೋದಿಲ್ಲ, ಭಾರೀ ವೇಗವೂ ಇಲ್ಲ.

ಆದ್ರೆ ಮೇಲಿನ ಆ ತಿರುವುಗಳು!

ಬಂಡಿಯ ಚಕ್ರಗಳು ಹಿಂದಕ್ಕಿವೆ. ಹಾಗಾಗಿ ಹಳಿ ತಿರುಗಿದ ಮೇಲೂ ಬಂಡಿಯ ಮೂತಿ ನೇರ ಮುಂದಕ್ಕೇ ಹೋಗುತ್ತದೆ. ಒಂದು ಕ್ಷಣ ಎದುರಿಗೆ ಹಳಿಯೇ ಇಲ್ಲ. ಬರೀ ಗಾಳಿ, ಕೆಳಗೆ ಜನರ ಟೋಪಿಗಳು. ಬಿದ್ದೇ ಬಿಟ್ವಿ ಅನ್ನುವಷ್ಟರಲ್ಲಿ ಸರಕ್ಕಂತ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ತಿರುವಲ್ಲಿ ಹಳಿ ಒಳಗೆ ವಾಲಿರೋದೂ ಇಲ್ಲ, ಚಪ್ಪಟೆ. ಮೈಯೆಲ್ಲ ಒಂದೇ ಕಡೆ ಒತ್ತಿಕೊಳ್ಳುತ್ತದೆ. ಹೆದರಿಸೋಕೆ ಎತ್ತರ, ವೇಗ ಜಾಸ್ತಿ ಬೇಕಿಲ್ಲ, ಚಕ್ರ ಸ್ವಲ್ಪ ಹಿಂದಿಟ್ಟರೆ ಸಾಕು. ಎಂಥಾ ತಲೆ ಓಡಿಸಿದ್ದಾರೆ ಅಲ್ವಾ?

ಮಗಳು ನನ್ನ ಹೆಬ್ಬೆರಳು ಹಿಡಿದಿದ್ದಳು. ಮೊದಲ ತಿರುವಲ್ಲಿ ಉಗುರು ನಾಟಿತು. ಮೂರನೇದರಲ್ಲಿ ಹಿಡಿತ ಸಡಿಲ ಆಯ್ತು. ಆಮೇಲೆ ನೋಡಿದರೆ ಎರಡೂ ಕೈ ಮೇಲೆ.

ಕಾಣದಿದ್ದರೂ ಹಳಿ ಇದೆ ಅಂತ ಎಷ್ಟು ಬೇಗ ನಂಬಿಬಿಟ್ಟಳು.

"ಅಪ್ಪಾ, ಇನ್ನೊಂದ್ಸಲ" ಅಂದಳು. ಮತ್ತೆ ಸಾಲಲ್ಲಿ ನಿಂತ್ವಿ. ಈ ಸಲ ಬೆರಳು ಹಿಡಿಯಲೇ ಇಲ್ಲ.

ಹೆಬ್ಬೆರಳಲ್ಲಿ ಆ ಉಗುರಿನ ಗುರುತು ಇನ್ನೂ ಇದೆ. ಸುಮ್ನೆ ಆಗಾಗ ಮುಟ್ಟಿ ನೋಡ್ಕೋತಿದ್ದೀನಿ.